ಐವತ್ತು ಕಿಲೋ ತಿಮಿಂಗಿಲ

ತಿಮಿ ಎಂದರೆ ಸಂಸ್ಕೃತದಲ್ಲಿ ಒಂದು ಮಹಾಮೀನು. ಅದನ್ನು ನುಂಗುವುದು ತಿಮಿಂಗಿಲ. ಅದನ್ನೂ ನುಂಗುವುದು ತಿಮಿಂಗಿಲಗಿಲ. ನಮ್ಮ ಪುರಾಣಕಾರರ ಕಣ್ಣಿಗೆ ಕಡಲೆಂದರೆ ಒಂದಕ್ಕಿಂತ ಒಂದು ದೊಡ್ಡ ಬಾಯಿಗಳ ಸಾಲು. ಕನ್ನಡಕ್ಕೆ ಬಂದು ನೆಲೆಸಿದ ಈ ಪದದ ಹೊಟ್ಟೆಯಲ್ಲೇ ಹೀಗೆ 'ದೊಡ್ಡದು' ಎಂಬ ಅರ್ಥ ಕೂತಿದೆ. ಇವತ್ತಿಗೂ ಹಗರಣವೊಂದರಲ್ಲಿ ಗುಮಾಸ್ತನೊಬ್ಬ ಸಿಕ್ಕಿಬಿದ್ದರೆ 'ಹಿಡಿದದ್ದು ಸಣ್ಣ ಮೀನು, ತಿಮಿಂಗಿಲಗಳು ಹೊರಗೇ ಇವೆ' ಎನ್ನುತ್ತೇವೆ.

ಈ ಅಧ್ಯಾಯ ಆ ಪದಕ್ಕೆ ಒಗ್ಗದ ಪ್ರಾಣಿಗಳದ್ದು.

ಮೆಕ್ಸಿಕೊದ ಪಶ್ಚಿಮಕ್ಕೆ ಕ್ಯಾಲಿಫೋರ್ನಿಯಾ ಕೊಲ್ಲಿ ಎಂಬ ಉದ್ದನೆಯ, ಇಕ್ಕಟ್ಟಾದ ಕಡಲಿದೆ. ಅದರ ಉತ್ತರದ ತುದಿಯಲ್ಲಿ ಮಾತ್ರ, ಜಗತ್ತಿನ ಬೇರೆಲ್ಲೂ ಅಲ್ಲ, ವಕೀಟ ಎಂಬ ಜೀವಿ ಬದುಕಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ 'ಪುಟ್ಟ ಹಸು'. ಉದ್ದ ಹೆಚ್ಚೆಂದರೆ ಒಂದೂವರೆ ಮೀಟರ್. ತೂಕ ಸುಮಾರು 50 ಕಿಲೋ, ಅಂದರೆ ಒಂದು ಸಿಮೆಂಟ್ ಚೀಲದಷ್ಟು. ಕಣ್ಣಿನ ಸುತ್ತ ಕಾಡಿಗೆ ತೀಡಿದಂತೆ ಕಪ್ಪು ಉಂಗುರ, ತುಟಿಗಳಿಗೂ ಅದೇ ಬಣ್ಣ. 150 ಟನ್ನಿನ ನೀಲಿ ತಿಮಿಂಗಿಲವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಮಲಗಿಸಿದರೆ ಇನ್ನೊಂದರಲ್ಲಿ 3000 ವಕೀಟಗಳನ್ನು ಹೇರಬೇಕಾದೀತು. ಅಷ್ಟು ವಕೀಟಗಳು ಜಗತ್ತಿನಲ್ಲಿಲ್ಲ. ಆ ಕತೆಗೆ ಆಮೇಲೆ ಬರೋಣ.

ತಿಮಿಂಗಿಲ, ಡಾಲ್ಫಿನ್, ಪಾರ್ಪಾಯ್ಸ್ ಇವೆಲ್ಲ ಒಂದೇ ಮನೆತನದವು; ಒಟ್ಟು ಸುಮಾರು 90 ಪ್ರಭೇದಗಳು. ಪಾರ್ಪಾಯ್ಸ್‌ಗಳು ಈ ಮನೆತನದ ಗಿಡ್ಡರು. ನೋಡಲು ಡಾಲ್ಫಿನ್ನಿನ ಹಾಗೇ ಇದ್ದರೂ ಮುಖಕ್ಕೆ ಕೊಕ್ಕಿಲ್ಲ, ಹಲ್ಲುಗಳು ಮೊಳೆಯಂತೆ ಚೂಪಾಗಿರದೆ ಪುಟ್ಟ ಗುದ್ದಲಿಗಳಂತೆ ಚಪ್ಪಟೆ. ಹೆಸರಿನ ಮೂಲ ಲ್ಯಾಟಿನ್ನಿನ 'ಹಂದಿಮೀನು'. ಚೀನಾದ ಯಾಂಗ್ಟ್ಸಿ ನದಿಯ ಬೆಸ್ತರು ತಮ್ಮ ಪಾರ್ಪಾಯ್ಸನ್ನು ಕರೆಯುವುದೂ 'ನದಿಹಂದಿ' ಎಂದೇ. ಎರಡು ನಾಗರಿಕತೆಗಳಿಗೆ ಆ ದುಂಡು ಮೈ ಕಂಡು ಒಂದೇ ಪ್ರಾಣಿ ನೆನಪಾಗಿದೆ. ವಕೀಟ ಈ ಬಳಗದ ಕಿರಿಯದು. ನ್ಯೂಜಿಲೆಂಡಿನ ಹೆಕ್ಟರ್ ಡಾಲ್ಫಿನ್ ಗಾತ್ರದಲ್ಲಿ ಅದಕ್ಕೆ ಸರಿಸಮನಾಗಿ ನಿಲ್ಲುತ್ತದೆ.

ಹಲ್ಲಿನ ಬದಲು ಜಾಲರಿಯಿಂದ ನೀರು ಸೋಸಿ ತಿನ್ನುವ ತಿಮಿಂಗಿಲಗಳದ್ದು ಬೇರೆಯೇ ಲೆಕ್ಕ. ಅವುಗಳಲ್ಲಿ ಅತಿ ಚಿಕ್ಕದು ದಕ್ಷಿಣ ಗೋಳಾರ್ಧದ ಕುಬ್ಜ ರೈಟ್ ತಿಮಿಂಗಿಲ. 'ಕುಬ್ಜ' ಎಂದು ಹೆಸರಿಟ್ಟುಕೊಂಡೂ ಅದು ಆರೂವರೆ ಮೀಟರ್ ಉದ್ದ ಬೆಳೆಯುತ್ತದೆ, ಒಂದು ಸಾಕಾನೆಯಷ್ಟು ತೂಗುತ್ತದೆ. ಸೋಸಿ ತಿನ್ನುವವರಿಗೆ ದೊಡ್ಡ ಬಾಯಿ ಬೇಕು, ದೊಡ್ಡ ಬಾಯಿಗೆ ದೊಡ್ಡ ಮೈ ಬೇಕು. ಒಂದೊಂದೇ ಮೀನನ್ನು ಬೆನ್ನಟ್ಟಿ ಹಿಡಿಯುವವರು ಮಾತ್ರ ಸಣ್ಣವರಾಗಿ ಬಾಳಬಲ್ಲರು. ಆದರೆ ಎಷ್ಟು ಸಣ್ಣವರಾಗಿ?

ಕೊಪ್ಪರಿಗೆ ಮತ್ತು ತುತ್ತು

ನೆಲದ ಮೇಲೆ ಸಸ್ತನಿಗಳು ಎಷ್ಟು ಬೇಕಾದರೂ ಕುಗ್ಗಿವೆ. ಮೂಗಿಲಿಯಲ್ಲಿ ಎರಡು ಗ್ರಾಂ ತೂಗುವ ಜಾತಿಯೂ ಇದೆ. ಹಾಗಿರುವಾಗ ಮುಷ್ಟಿಯಷ್ಟು ದೊಡ್ಡ ತಿಮಿಂಗಿಲ ಏಕಿಲ್ಲ?

ಉತ್ತರ ಮದುವೆಮನೆಯ ಅಡುಗೆಯಲ್ಲಿದೆ. ಕೊಪ್ಪರಿಗೆಯಲ್ಲಿರುವ ಅನ್ನ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಎಲೆಗೆ ಬಡಿಸಿದ ತುತ್ತು ಸಾರು ಬರುವಷ್ಟರಲ್ಲಿ ಆರಿರುತ್ತದೆ. ವಸ್ತುವಿನ ಉದ್ದ ಅರ್ಧವಾದರೆ ಶಾಖ ಹಿಡಿದಿಡುವ ಒಡಲು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ, ಶಾಖ ಸೋರುವ ಮೈಮೇಲ್ಮೈ ಮಾತ್ರ ನಾಲ್ಕನೆಯ ಒಂದು ಪಾಲಷ್ಟು ಉಳಿದಿರುತ್ತದೆ. ಸಣ್ಣದಾದಷ್ಟೂ ಸೋರಿಕೆ ಹೆಚ್ಚು. ಅದರ ಮೇಲೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗದಲ್ಲಿ ಮೈಶಾಖವನ್ನು ಕದಿಯುತ್ತದೆ. ನೀರುನಾಯಿಗೆ ತುಪ್ಪಳವಿದೆ, ಜೊತೆಗೆ ದಡಕ್ಕೆ ಬಂದು ಬಿಸಿಲು ಕಾಯಿಸುವ ಅವಕಾಶವಿದೆ. ತಿಮಿಂಗಿಲ ಕೂದಲನ್ನು ಬಿಟ್ಟುಕೊಟ್ಟು ಕೊಬ್ಬಿನ ಕಂಬಳಿ ಹೊದ್ದ ಜೀವಿ. ದಡಕ್ಕೆ ಬರುವ ಹಾಗಿಲ್ಲ.

ವಯಸ್ಕ ಪ್ರಾಣಿಗಿಂತ ಇದು ಮರಿಗೆ ಹೆಚ್ಚು ಕಷ್ಟ. ತಾಯಿಯ ಬೆಚ್ಚಗಿನ ಒಡಲಿನಿಂದ ನೇರವಾಗಿ ತಣ್ಣೀರಿಗೆ ಬೀಳುವ ಮರಿ ಮೊದಲ ಗಳಿಗೆಯಿಂದಲೇ ಮೈ ಬಿಸಿ ಇಟ್ಟುಕೊಳ್ಳಬೇಕು. ಹಾಗಾದರೆ ಹುಟ್ಟುವಾಗ ಅದು ಕನಿಷ್ಠ ಎಷ್ಟು ತೂಗಬೇಕು? 1988ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಲೆಕ್ಕ ಪ್ರಕಟವಾಯಿತು: ಸುಮಾರು 6.8 ಕಿಲೋ. ಅದಕ್ಕಿಂತ ಕಡಿಮೆಯಿದ್ದರೆ ಮರಿ ಸುಡುವ ಇಂಧನ ಸೋರುವ ಶಾಖವನ್ನು ಸರಿದೂಗಿಸದು.

ವಕೀಟದ ನವಜಾತ ಮರಿಯ ತೂಕ ಏಳೂವರೆ ಕಿಲೋದ ಆಸುಪಾಸು. ಭೌತಶಾಸ್ತ್ರ ಎಳೆದ ಗೆರೆಗೆ ಬೆರಳು ತಾಗುವಷ್ಟು ಹತ್ತಿರ. ತಾಯಿ 50 ಕಿಲೋ, ಮರಿ ಏಳೂವರೆ ಕಿಲೋ ಎಂದರೆ ನಮ್ಮಲ್ಲಿ ಅಷ್ಟೇ ತೂಕದ ಹೆಂಗಸೊಬ್ಬಳು ಆರೇಳು ತಿಂಗಳ ಕೂಸಿನಷ್ಟು ದೊಡ್ಡ ಶಿಶುವನ್ನು ಹೆತ್ತಂತೆ. ವಕೀಟಗಳಲ್ಲಿ ಗಂಡಿಗಿಂತ ಹೆಣ್ಣು ತುಸು ದೊಡ್ಡದು ಎಂಬುದರ ಗುಟ್ಟು ಇಲ್ಲೇ ಇದ್ದೀತು. ಸಣ್ಣ ತಿಮಿಂಗಿಲ ಕುಗ್ಗಬಲ್ಲದು, ಅದರ ಮರಿ ಕುಗ್ಗಲಾರದು.

ಈ ಸೋರಿಕೆಯ ಬೆಲೆಯನ್ನು ತೆರುವ ಬಗೆ ಉತ್ತರ ಯುರೋಪಿನ ತಣ್ಣೀರಿನ ಬಂದರು ಪಾರ್ಪಾಯ್ಸ್‌ಗಳಲ್ಲಿ ಕಾಣುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಡೆನ್ಮಾರ್ಕಿನ ಸಂಶೋಧಕರು ಅವುಗಳ ಬೆನ್ನಿಗೆ ಸದ್ದು ದಾಖಲಿಸುವ ಪುಟ್ಟ ಯಂತ್ರಗಳನ್ನು ಅಂಟಿಸಿದ್ದರು. ಹಗಲು ರಾತ್ರಿ ಅನ್ನದೆ ಅವು ಬೇಟೆಯಲ್ಲೇ ಇದ್ದವು. ಗಂಟೆಗೆ 550ರವರೆಗೆ ಸಣ್ಣ ಮೀನುಗಳ ಮೇಲೆ ಎರಗುತ್ತಿದ್ದವು, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಗುರಿ ತಪ್ಪುತ್ತಿರಲಿಲ್ಲ. ದೊಡ್ಡ ತಿಮಿಂಗಿಲಗಳು ತಿಂಗಳುಗಟ್ಟಲೆ ಉಪವಾಸವಿದ್ದು ಸಾಗರ ದಾಟುತ್ತವೆ. ಪಾರ್ಪಾಯ್ಸ್ ದಿನಗೂಲಿಯವನಂತೆ, ಇವತ್ತು ದುಡಿದರೆ ಇವತ್ತಿನ ಊಟ. ವಕೀಟ ಮಾತ್ರ ಬೆಚ್ಚನೆಯ ನೀರಿಗೆ ಒಗ್ಗಿಕೊಂಡ ಪಾರ್ಪಾಯ್ಸ್. ಅದರ ಬೆನ್ನಿನ ಈಜುರೆಕ್ಕೆ ಮೈಗೆ ಹೋಲಿಸಿದರೆ ಎತ್ತರ. ಬೇಸಿಗೆಯಲ್ಲಿ ಹೆಚ್ಚಿನ ಶಾಖವನ್ನು ಹೊರಹಾಕಲು ಅದು ನೆರವಾಗುತ್ತದೆಂದು ವಿಜ್ಞಾನಿಗಳ ಊಹೆ.

ಕಿತ್ತೂರಿನ ಕೈದಿ ಮತ್ತು ಮೊಂಡುಮೂಗಿನ ತಿಮಿಂಗಿಲ

ಹೆಸರಿನಲ್ಲೇ 'ತಿಮಿಂಗಿಲ' ಎಂದು ಉಳಿಸಿಕೊಂಡವುಗಳ ಪೈಕಿ ಅತಿ ಚಿಕ್ಕದು ಕುಬ್ಜ ಸ್ಪರ್ಮ್ ತಿಮಿಂಗಿಲ. ಪೊಲೀಸರು ಆಗಾಗ ವಶಪಡಿಸಿಕೊಳ್ಳುವ 'ತಿಮಿಂಗಿಲದ ವಾಂತಿ', ಅಂದರೆ ಅಂಬರ್‌ಗ್ರೀಸ್, ಯಾವುದರ ಹೊಟ್ಟೆಯಿಂದ ಬರುತ್ತದೋ ಆ 16 ಮೀಟರಿನ ದೈತ್ಯನ ದಾಯಾದಿ ಇದು. ಇದರ ಉದ್ದ ಎರಡೂಮುಕ್ಕಾಲು ಮೀಟರ್ ದಾಟುವುದಿಲ್ಲ. ಇದು ವಿಜ್ಞಾನದ ಪುಸ್ತಕಕ್ಕೆ ಸೇರಿದ ಕತೆಯ ಒಂದು ಎಳೆ ನಮ್ಮ ಕಿತ್ತೂರಿನಲ್ಲಿದೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಅವನ ಕೈಕೆಳಗಿನ ಸ್ಟೀವನ್ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ರಾಣಿ ಚೆನ್ನಮ್ಮನಿಗೆ ಸೆರೆಸಿಕ್ಕರು. ಆಮೇಲೆ ಬಿಡುಗಡೆಯಾದರು. ನಮ್ಮ ಶಾಲೆಯ ಪಾಠಗಳು ಆ ಇಬ್ಬರನ್ನು ಅಲ್ಲಿಗೇ ಬಿಟ್ಟುಬಿಡುತ್ತವೆ. ಆದರೆ ವಾಲ್ಟರ್ ಎಲಿಯಟ್‌ಗೆ ಆಗ ವಯಸ್ಸು ಇಪ್ಪತ್ತೊಂದು, ಮುಂದೆ ಅರವತ್ತು ವರ್ಷಕ್ಕೂ ಹೆಚ್ಚು ಆಯಸ್ಸಿತ್ತು. ಅವನು ಧಾರವಾಡ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದ, ಕನ್ನಡ ಕಲಿತ, ಕರ್ನಾಟಕದ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. 1839ರಲ್ಲಿ ಆ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಸ್ಥಳೀಯ ಹೆಸರುಗಳ ಸಮೇತ ಅಚ್ಚು ಹಾಕಿಸಿದ. ಕಲ್ಲಾಗಲಿ ಕಾಡುಪ್ರಾಣಿಯಾಗಲಿ, ಕಂಡದ್ದನ್ನು ಬರೆದಿಡುವ ಚಟ ಅವನದು.

ಮುಂದೆ ಮದ್ರಾಸ್ ಪ್ರಾಂತ್ಯದ ಉತ್ತರ ಸರ್ಕಾರ್‌ಗಳಿಗೆ ಕಮಿಷನರ್ ಆದಾಗ ಅದೇ ಚಟ ಅವನನ್ನು ವಿಶಾಖಪಟ್ಟಣದ ಕಡಲ ದಂಡೆಗೆ ಒಯ್ದಿತು. 1853ರಲ್ಲಿ ಅಲ್ಲಿ ಸಿಕ್ಕ ವಿಚಿತ್ರ ಪ್ರಾಣಿಯೊಂದರ ವಿವರವನ್ನು ಅವನು ಜೋಪಾನ ಮಾಡಿದ. ಲಂಡನ್ನಿನಲ್ಲಿ ಅದನ್ನು ಪರಿಶೀಲಿಸಿದವನು ರಿಚರ್ಡ್ ಓವನ್, ಡೈನೋಸಾರ್ ಎಂಬ ಪದವನ್ನು ಹುಟ್ಟುಹಾಕಿದ ಅದೇ ಓವನ್. 1866ರಲ್ಲಿ ಅದಕ್ಕೆ 'ಸೈಮಸ್' ಎಂದು ಹೆಸರಿಟ್ಟ, ಅರ್ಥ, ಮೊಂಡುಮೂಗಿನದು. ಇಂದಿನ ಹೆಸರು ಕೋಗಿಯ ಸೈಮ. ಚಿಲಿಕಾ ಸರೋವರದಲ್ಲಿ ಪ್ರವಾಸಿಗರು ನೋಡಲು ಹೋಗುವ ಐರಾವದಿ ಡಾಲ್ಫಿನ್ನಿಗೆ ಓವನ್ ಹೆಸರಿಟ್ಟದ್ದೂ ಎಲಿಯಟ್ ವಿಶಾಖಪಟ್ಟಣದಿಂದ ಒದಗಿಸಿದ ಮಾದರಿಯನ್ನೇ ನೋಡಿ.

ಹೆಸರು ಸಿಕ್ಕರೂ ಗುರುತು ಸಿಗಲಿಲ್ಲ. ಇದರ ಅಣ್ಣನಂಥ ಇನ್ನೊಂದು ಪ್ರಭೇದ, ಪಿಗ್ಮಿ ಸ್ಪರ್ಮ್ ತಿಮಿಂಗಿಲ, ಅದಾಗಲೇ ಪಟ್ಟಿಯಲ್ಲಿತ್ತು. ಎರಡೂ ಒಂದೇ ಎಂದುಕೊಂಡೇ ಬಹುಪಾಲು ವಿಜ್ಞಾನಿಗಳು ಕಾಲ ಕಳೆದರು. ಓವನ್ ಹೇಳಿದ್ದು ಸರಿ, ಇವು ಎರಡು ಎಂದು ಖಚಿತವಾದದ್ದು 1966ರಲ್ಲಿ, ಭರ್ತಿ ನೂರು ವರ್ಷಗಳ ನಂತರ. ಅದಕ್ಕೆ ಈ ಪ್ರಾಣಿಯ ಸ್ವಭಾವವೂ ಕಾರಣ. ಇದು ನೆಗೆಯುವುದಿಲ್ಲ, ದೋಣಿಯ ಹಿಂದೆ ಬರುವುದಿಲ್ಲ. ನೀರಿನ ಮೇಲೆ ಮರದ ದಿಮ್ಮಿಯಂತೆ ಅಲ್ಲಾಡದೆ ತೇಲಿ, ಸದ್ದಿಲ್ಲದೆ ಮುಳುಗಿಬಿಡುತ್ತದೆ. ಅಲೆಯೆದ್ದ ಕಡಲಿನಲ್ಲಿ ಕಣ್ಣಿಗೇ ಬೀಳದು. ಕೆಳದವಡೆ ಶಾರ್ಕಿನದರಂತೆ ಒಳಗೆ ಸರಿದಿದೆ, ಕಣ್ಣಿನ ಹಿಂದೆ ಮೀನಿನ ಕಿವಿರನ್ನು ಹೋಲುವ ಬಿಳಿ ಗೆರೆಯಿದೆ. ಸಣ್ಣ ಪ್ರಾಣಿ ಶಾರ್ಕಿನ ವೇಷ ಹಾಕಿದೆಯೇ ಎಂಬ ಅನುಮಾನ ಯಾರಿಗಾದರೂ ಬರುತ್ತದೆ. ಬೆದರಿದರೆ ಕರುಳಿನ ಚೀಲವೊಂದರಿಂದ ಕೆಂಗಂದು ದ್ರವ ಬಿಟ್ಟು ನೀರನ್ನು ಕದಡಿ ಆ ಮೋಡದ ಮರೆಯಲ್ಲಿ ಜಾರಿಕೊಳ್ಳುತ್ತದೆ. ತಾನು ತಿನ್ನುವ ಸ್ಕ್ವಿಡ್‌ಗಳ ವಿದ್ಯೆಯನ್ನೇ ಇದೂ ಕಲಿತಂತಿದೆ.

ಪಿಸುಮಾತಿನ ಬೇಟೆಗಾರರು

ಇಷ್ಟೊಂದು ಅಡಗುವುದು ಯಾರಿಗೆ ಹೆದರಿ? ಶಾರ್ಕಿಗೆ, ಮತ್ತು ಓರ್ಕಾಗೆ. ಗುಂಪು ಕಟ್ಟಿ ಬೇಟೆಯಾಡುವ ಓರ್ಕಾ ಸ್ವತಃ ಡಾಲ್ಫಿನ್ ಕುಲದ್ದು. ಅದರ ಮುಂದೆ 50 ಕಿಲೋದ ಪಾರ್ಪಾಯ್ಸ್ ಒಂದು ತುತ್ತಿಗಿಂತ ಹೆಚ್ಚಲ್ಲ.

ಹಲ್ಲಿರುವ ತಿಮಿಂಗಿಲಗಳೆಲ್ಲ ಬಾವಲಿಗಳಂತೆ ಸದ್ದು ಮಾಡಿ, ಮರುದನಿ ಕೇಳಿ ದಾರಿ ಕಾಣುತ್ತವೆ. ಕದಡಿದ ನೀರಿನಲ್ಲಿ ಇದು ವರ. ಆದರೆ ಕತ್ತಲಲ್ಲಿ ಟಾರ್ಚ್ ಹಿಡಿದು ನಡೆಯುವವನು ತಾನು ಕಾಣುವುದಕ್ಕಿಂತ ಹೆಚ್ಚು ದೂರದವರಿಗೆ ಕಾಣಿಸಿಕೊಳ್ಳುತ್ತಾನೆ. ಸದ್ದಿನ ಕತೆಯೂ ಅದೇ. ಪ್ರತಿ ಟಕ್ಕೂ ಓರ್ಕಾಗೆ ಕೊಟ್ಟ ವಿಳಾಸ.

ಪಾರ್ಪಾಯ್ಸ್‌ಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ಗೆ ಸೋಲುತ್ತದೆ, ಓರ್ಕಾದ ಕಿವಿ ಸುಮಾರು 100ರ ಹೊತ್ತಿಗೆ ಮಂದವಾಗುತ್ತದೆ. ಪಾರ್ಪಾಯ್ಸ್ ತನ್ನ ಟಕ್‌ಗಳನ್ನು ಅದರಾಚೆ, 130 ಕಿಲೋಹರ್ಟ್ಸ್‌ನ ಸುತ್ತಲ ಕಿರಿದಾದ ಪಟ್ಟಿಯಲ್ಲಿ ಮಾತ್ರ ಹೊರಡಿಸುತ್ತದೆ. ಶತ್ರುವಿನ ಕಿವಿಯ ಮೇಲೆ ಹಾದುಹೋಗುವ ಪಿಸುಮಾತು ಅದು. ಇದಕ್ಕೂ ಬೆಲೆಯಿದೆ: ಅಷ್ಟು ತಾರದ ಸದ್ದು ನೀರಿನಲ್ಲಿ ಬೇಗ ಕರಗಿಹೋಗುವುದರಿಂದ ದೂರದ್ದು ಕಾಣದು. ಪಾರ್ಪಾಯ್ಸ್ ಒಂದು ಬಗೆಯ ಸಮೀಪದೃಷ್ಟಿಯ ಪ್ರಾಣಿ.

ಬೆರಗಿನ ಸಂಗತಿ ಎಂದರೆ ಈ ಉಪಾಯ ಪಾರ್ಪಾಯ್ಸ್‌ಗಳ ಗುತ್ತಿಗೆಯಲ್ಲ. ಎಲಿಯಟ್‌ಗೆ ಸಿಕ್ಕ ಮೊಂಡುಮೂಗಿನ ತಿಮಿಂಗಿಲ ಬಹಳ ದೂರದ ಸಂಬಂಧಿ. ಅದೂ ಇದೇ ಪಟ್ಟಿಯಲ್ಲಿ ಪಿಸುಗುಟ್ಟುತ್ತದೆ. ಹೆಕ್ಟರ್ ಡಾಲ್ಫಿನ್ನಿನ ಗುಂಪೂ ಅಷ್ಟೇ, ದಕ್ಷಿಣ ಅಮೆರಿಕದ ಕರಾವಳಿಯ ಫ್ರಾನ್ಸಿಸ್ಕಾನ ಎಂಬ ಪುಟ್ಟ ಡಾಲ್ಫಿನ್ನೂ ಅಷ್ಟೇ. ನಾಲ್ಕು ಬೇರೆ ಬೇರೆ ಕವಲುಗಳು, ಎಲ್ಲವೂ ಸಣ್ಣ ಮೈಯವು, ಒಬ್ಬರಿಂದೊಬ್ಬರು ಕಲಿಯದೆ ಒಂದೇ ಉತ್ತರಕ್ಕೆ ಬಂದು ಮುಟ್ಟಿವೆ. ಸಣ್ಣತನ ಈ ಜೀವಿಗಳಿಗೆ ಕೊರತೆಯಲ್ಲ, ಲಕ್ಷಾಂತರ ವರ್ಷ ಪಳಗಿದ ಕಸುಬು. ಕಾಣಿಸದಿರುವುದು, ಕೇಳಿಸದಿರುವುದು ಆ ಕಸುಬಿನ ಎರಡು ಕೈಗಳು.

ಬಲೆಯ ಕಣ್ಣು

ಈ ಕಸುಬು ಎಷ್ಟು ಚೆನ್ನಾಗಿ ಸಾಗಿತ್ತೆಂದರೆ ವಕೀಟ ಇದೆ ಎಂಬುದೇ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ವಿಜ್ಞಾನಕ್ಕೆ ಗೊತ್ತಿರಲಿಲ್ಲ. 1950ರಲ್ಲಿ ಅಮೆರಿಕದ ಕೆನೆತ್ ನಾರಿಸ್ ಅವರಿಗೆ ಸ್ಯಾನ್ ಫೆಲಿಪೆ ಬಳಿಯ ಮರಳಿನಲ್ಲಿ ಒಂದು ತಲೆಬುರುಡೆ ಸಿಕ್ಕಿತು. ಇನ್ನಷ್ಟು ಬುರುಡೆಗಳು ಸೇರಿದ ಮೇಲೆ, 1958ರಲ್ಲಿ, ಅವರು ಮತ್ತು ವಿಲಿಯಂ ಮೆಕ್‌ಫಾರ್ಲಂಡ್ ಇದನ್ನು ಹೊಸ ಪ್ರಭೇದವೆಂದು ಘೋಷಿಸಿದರು. ಮೈಯ ಬಣ್ಣ, ಕಣ್ಣಿನ ಕಾಡಿಗೆ ಇವೆಲ್ಲ ವಿವರವಾಗಿ ತಿಳಿದದ್ದು 1985ರಲ್ಲಿ ತಾಜಾ ದೇಹಗಳು ಸಿಕ್ಕಾಗ. ಆ ದೇಹಗಳು ಬಂದದ್ದು ಟೊಟೊವಾಬ ಮೀನಿನ ಬಲೆಗಳಿಂದ.

ಟೊಟೊವಾಬ ನಮ್ಮ ಮಂಗಳೂರಿನ ಕಡೆ ಕಲ್ಲೂರು ಎನ್ನುವ ಮೀನುಗಳ ಬಳಗದ್ದು, ಆದರೆ ಎರಡು ಮೀಟರ್ ಉದ್ದ, 100 ಕಿಲೋ ಬೆಳೆಯುವಂಥದ್ದು. ಅದರ ಮಾಂಸಕ್ಕಿಂತ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬೆಲೆ. ಒಣಗಿಸಿದ ಚೀಲಕ್ಕೆ ಚೀನಾದ ಕಳ್ಳಸಂತೆಯಲ್ಲಿ ಕಿಲೋಗೆ ಸಾವಿರಾರು ಡಾಲರ್ ಸಿಗುತ್ತದೆ. 1975ರಲ್ಲೇ ಮೆಕ್ಸಿಕೊ ಈ ಮೀನನ್ನು ಹಿಡಿಯುವುದನ್ನು ನಿಷೇಧಿಸಿತು. ಬೆಲೆ ನಿಷೇಧವನ್ನು ಗೆದ್ದಿತು. ಇದನ್ನು ಹಿಡಿಯುವುದು ಗಿಲ್‌ನೆಟ್‌ನಿಂದ. ನೀರಿನಲ್ಲಿ ಪರದೆಯಂತೆ ಇಳಿಬಿಟ್ಟ ಆ ನೈಲಾನ್ ಬಲೆಗೆ ಮೀನು ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ. ಟೊಟೊವಾಬದ ತಲೆ ಹಿಡಿಸುವ ಬಲೆಯ ಕಣ್ಣಿಗೆ ಅಷ್ಟೇ ಗಾತ್ರದ ವಕೀಟದ ತಲೆಯೂ ಹಿಡಿಸುತ್ತದೆ. ಮೀನಿಗೆ ಕಿವಿರಿದೆ, ವಕೀಟಕ್ಕೆ ಶ್ವಾಸಕೋಶ. ಮೇಲೆ ಬಂದು ಉಸಿರೆಳೆಯಲಾಗದೆ ಅದು ನಿಮಿಷಗಳಲ್ಲಿ ಸಾಯುತ್ತದೆ. ಓರ್ಕಾಗೆ ಕಾಣಿಸದ ಮೈ, ಕೇಳಿಸದ ದನಿ ಎರಡೂ ಬಲೆಯೆದುರು ನಿರುಪಯೋಗಿ. ಬಲೆಗೆ ಕಣ್ಣಿದೆ ಎನ್ನುತ್ತೇವೆ ನಿಜ, ಅದು ಯಾರನ್ನೂ ಹುಡುಕುವುದಿಲ್ಲ. ಕಾಯುತ್ತದೆ, ಅಷ್ಟೆ.

1997ರ ಸಮೀಕ್ಷೆ ವಕೀಟಗಳ ಸಂಖ್ಯೆಯನ್ನು 567 ಎಂದು ಅಂದಾಜಿಸಿತು. 2008ರಲ್ಲಿ 245. 2015ರಲ್ಲಿ ಸುಮಾರು 60. 2017ರಲ್ಲಿ ಉಳಿದವನ್ನು ಹಿಡಿದು ಕಡಲಿನ ಆವರಣದಲ್ಲಿ ಸಾಕುವ ಕೊನೆಯ ಪ್ರಯತ್ನ ನಡೆಯಿತು. ಮೊದಲು ಸಿಕ್ಕ ಎಳೆಯದು ಗಾಬರಿಯಾದದ್ದರಿಂದ ಅದನ್ನು ಬಿಟ್ಟರು. ಎರಡನೆಯದು, ಬೆಳೆದ ಹೆಣ್ಣು, ಹಿಡಿದ ಕೆಲವೇ ಗಂಟೆಗಳಲ್ಲಿ ಸತ್ತಿತು. ಅಲ್ಲಿಗೆ ಆ ಯೋಜನೆಯನ್ನು ಕೈಬಿಡಲಾಯಿತು.

ಇಷ್ಟು ಕಡಿಮೆಯಾದ ಮೇಲೆ ಉಳಿದವು ಒಳಸಂಬಂಧದ ದೋಷದಿಂದಲೇ ನಶಿಸುತ್ತವೆ, ಶ್ರಮ ಪಡುವುದೇಕೆ ಎಂಬ ಮಾತೂ ಹುಟ್ಟಿತು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ವಂಶವಾಹಿ ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು. ವಕೀಟಗಳು ಎರಡೂವರೆ ಲಕ್ಷ ವರ್ಷಗಳಿಂದಲೂ ಕೆಲವೇ ಸಾವಿರದಷ್ಟಿದ್ದು ಬಾಳಿದವು. ಹೀಗೆ ನಿಧಾನವಾಗಿ ಅತಿ ಕೆಟ್ಟ ದೋಷಗಳನ್ನು ಅವು ಮೊದಲೇ ಕಳೆದುಕೊಂಡಿವೆ. ಬಲೆಯ ಸಾವು ಸಂಪೂರ್ಣ ನಿಂತರೆ ಮುಂದಿನ ಐವತ್ತು ವರ್ಷಗಳಲ್ಲಿ ಅವು ನಿರ್ನಾಮವಾಗುವ ಸಾಧ್ಯತೆ ಶೇ. 6 ಮಾತ್ರ ಎಂದು ಲೆಕ್ಕ ಹೇಳಿತು. ಸಣ್ಣ ಮೈಯಂತೆ ಸಣ್ಣ ಸಂಖ್ಯೆಯೂ ವಕೀಟಕ್ಕೆ ಹಳೆಯ ಅಭ್ಯಾಸ. ಅದಕ್ಕೆ ಅಭ್ಯಾಸವಿಲ್ಲದ್ದು ನೈಲಾನ್ ಒಂದೇ.

ನದಿಹಂದಿ, ನಮ್ಮ ಕಡಲು

ಬಲೆ ಎತ್ತಿದರೆ ಏನಾಗುತ್ತದೆ ಎಂಬುದಕ್ಕೆ ಯಾಂಗ್ಟ್ಸಿಯ ನದಿಹಂದಿ ಸಾಕ್ಷಿ. ಅದೇ ನದಿಯ ಬೈಜಿ ಡಾಲ್ಫಿನ್ 2006ರ ಸಮೀಕ್ಷೆಯಲ್ಲಿ ಒಂದೂ ಸಿಗಲಿಲ್ಲ. ನದಿಹಂದಿಯೂ ಅದೇ ದಾರಿಯಲ್ಲಿತ್ತು. 2017ರಲ್ಲಿ 1012ಕ್ಕೆ ಇಳಿದಿತ್ತು. 2021ರ ಜನವರಿಯಿಂದ ಚೀನಾ ಆ ನದಿಯಲ್ಲಿ ಹತ್ತು ವರ್ಷದ ಮೀನುಗಾರಿಕೆ ನಿಷೇಧ ಹೇರಿತು. 2022ರ ಎಣಿಕೆ 1249. ಒಂದು ಸರ್ಕಾರ ನದಿಯುದ್ದಕ್ಕೂ ಬೆಸ್ತರ ದೋಣಿಗಳನ್ನೇ ದಡಕ್ಕೆ ಹತ್ತಿಸಿದ್ದರಿಂದ ಬಂದ ಏರಿಕೆ ಅದು. ಆ ಬೆಲೆಯನ್ನು ತೆತ್ತವರು ಬೆಸ್ತರು ಎಂಬುದನ್ನೂ ಮರೆಯಬಾರದು.

ನದಿಹಂದಿಯ ಹತ್ತಿರದ ನೆಂಟ ನಮ್ಮ ಅರಬ್ಬೀ ಸಮುದ್ರದಲ್ಲೇ ಇದೆ. ಬೆನ್ನುರೆಕ್ಕೆಯಿಲ್ಲದ ಪಾರ್ಪಾಯ್ಸ್, ಒಂದೂಮುಕ್ಕಾಲು ಮೀಟರಿನ ಒಳಗೆ ಉದ್ದ, ಬೂದುಬಣ್ಣ, ಬೆನ್ನ ಮೇಲೆ ಈಜುರೆಕ್ಕೆಯ ಬದಲು ಸಣ್ಣ ಗುಳ್ಳೆಗಳ ಒರಟು ಪಟ್ಟಿ. ದಡಕ್ಕೆ ಹತ್ತಿರದ ಆಳವಿಲ್ಲದ ನೀರೇ ಅದರ ಮನೆ, ಗಿಲ್‌ನೆಟ್ ಹಾಕುವುದೂ ಅಲ್ಲೇ. ಕಾರವಾರದಿಂದ ಮಂಗಳೂರಿನವರೆಗೆ ಕಡಲ ದಂಡೆಯಲ್ಲಿ ಆಗೊಮ್ಮೆ ಈಗೊಮ್ಮೆ ಇದರ ಕಳೇಬರ ತೇಲಿಬರುತ್ತದೆ. ನೋಡಿದವರು ಡಾಲ್ಫಿನ್ ಮರಿ ಎಂದುಕೊಳ್ಳುತ್ತಾರೆ. ನೆಗೆಯದ, ರೆಕ್ಕೆ ತೋರಿಸದ ಪ್ರಾಣಿಯನ್ನು ಬದುಕಿದ್ದಾಗ ಗುರುತಿಸಿದವರು ಕಡಿಮೆ. ವಕೀಟಕ್ಕೆ ಬುರುಡೆಯಿಂದ ಗುರುತು ಸಿಕ್ಕಂತೆ ಇದಕ್ಕೂ ಹೆಣದಿಂದಲೇ ಗುರುತು.

ಈಗ ಮತ್ತೆ ಕ್ಯಾಲಿಫೋರ್ನಿಯಾ ಕೊಲ್ಲಿಗೆ. 2022ರಲ್ಲಿ ಮೆಕ್ಸಿಕೊದ ನೌಕಾಪಡೆ ವಕೀಟಗಳ ಕೊನೆಯ ನೆಲೆಯಲ್ಲಿ ಕೊಕ್ಕೆ ಹೊತ್ತ 193 ಕಾಂಕ್ರೀಟ್ ದಿಮ್ಮಿಗಳನ್ನು ತಳಕ್ಕಿಳಿಸಿತು. ಕಳ್ಳಬಲೆ ಹಾಕಿದವನ ಬಲೆ ಕೊಕ್ಕೆಗೆ ಸಿಕ್ಕಿ ಹಾಳಾಗಲಿ ಎಂಬ ಲೆಕ್ಕಾಚಾರ. ಅದೇ ನೀರಿನಲ್ಲಿ ವಿಜ್ಞಾನಿಗಳು ಸದ್ದು ಹಿಡಿಯುವ ಯಂತ್ರಗಳನ್ನು ಇಳಿಬಿಟ್ಟಿದ್ದಾರೆ. ಓರ್ಕಾದ ಕಿವಿಗೆ ನಿಲುಕದ 130 ಕಿಲೋಹರ್ಟ್ಸ್‌ನ ಟಕ್‌ಗಳು ಅವಕ್ಕೆ ಕೇಳಿಸುತ್ತವೆ. ಯಂತ್ರ ದನಿ ಹಿಡಿದ ಜಾಗಕ್ಕೆ ದೊಡ್ಡ ದುರ್ಬೀನುಗಳನ್ನು ಹೊತ್ತ ಹಡಗು ಹೋಗುತ್ತದೆ. ಅಡಗಲೆಂದು ಕಲಿತ ಪಿಸುಮಾತೇ ಈಗ ಅವುಗಳನ್ನು ಹುಡುಕುವ ದಾರಿ.

2023ರ ಮೇ ತಿಂಗಳಲ್ಲಿ ಹಾಗೆ ಹೋದವರು ಉಳಿದಿರುವುದು 10ರಿಂದ 13 ಇರಬಹುದೆಂದು ಅಂದಾಜಿಸಿದರು. ಅವರಿಗೆ ಮರಿಯೂ ಕಂಡಿತ್ತು. ತಾಯಿಯ ಪಕ್ಕದಲ್ಲಿ, ಕಣ್ಣಿಗೆ ಕಾಡಿಗೆ ತೀಡಿಕೊಂಡ ಪುಟ್ಟ ತಲೆ. ಹುಟ್ಟುವಾಗ ಅದು ಏಳೂವರೆ ಕಿಲೋದ ಸುಮಾರು ಇದ್ದಿರಬೇಕು. ನೀರು ಮತ್ತು ಶಾಖ ಕೂಡಿ ಎಳೆದ ಗೆರೆಯನ್ನು ಅದು ಆಗಲೇ ದಾಟಿತ್ತು.